ಸತ್ತ ಮೈಕಿನ ಸಾಕ್ಷಿ

ತೆಲುಗು ಸೀಮೆಯ ಗಡಿಯೂರು ಕಲ್ಯಾಣದುರ್ಗದಲ್ಲಿ ಮೈಕ್ ಸೆಟ್ ಉಜ್ಜಿನಪ್ಪ ಎಂದರೆ ಗೊತ್ತಿಲ್ಲದವರು ಕಡಿಮೆ. ಮದುವೆಗೂ ಅವನದೇ ಹಾರ್ನು, ಭಜನೆಗೂ ಅವನದೇ ಹಾರ್ನು. ಎಲೆಕ್ಷನ್ ಬಂತೆಂದರೆ ಬೆಳಿಗ್ಗೆ ಒಂದು ಪಾರ್ಟಿಯನ್ನು ಹೊಗಳಿದ ಹಾರ್ನೇ ಮಧ್ಯಾಹ್ನ ಇನ್ನೊಂದು ಪಾರ್ಟಿಯನ್ನು ಹೊಗಳುತ್ತಿತ್ತು. ಯಾರಾದರೂ ಕೆಣಕಿದರೆ, "ಮಾತು ಅವರ್ದು ಕಣಪ್ಪ, ಸದ್ದು ಮಾತ್ರ ನಂದು" ಎನ್ನುತ್ತಿದ್ದ.

ಹುಟ್ಟಿದ್ದು ಕುಂದುರ್ಪಿ ಕಡೆಯ ಒಂದು ಹಳ್ಳಿಯಲ್ಲಿ. ಅಪ್ಪನದು ಎಣ್ಣೆ, ಬೆಲ್ಲದ ಸಣ್ಣ ಅಂಗಡಿ. ತಕ್ಕಡಿ ಹಿಡಿದು ಕೂರುವುದು ಉಜ್ಜಿನಪ್ಪನಿಗೆ ಒಗ್ಗಲಿಲ್ಲ. ಹದಿನೇಳನೇ ವಯಸ್ಸಿಗೆ ಹಿಂದೂಪುರಕ್ಕೆ ಹೋಗಿ ಒಂದು ರೇಡಿಯೋ ರಿಪೇರಿ ಅಂಗಡಿ ಸೇರಿದ. ಏಳು ವರ್ಷ ಅಲ್ಲಿ ಬೆಸುಗೆ ಹಾಕುತ್ತ, ವಾಲ್ವು ಬದಲಿಸುತ್ತ ಕೆಲಸ ಕಲಿತ. ಅದೇ ಊರಿನ ಭ್ರಮರಾಂಬಳನ್ನು ಮದುವೆಯಾಗಿ, 1981ರಲ್ಲಿ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಇಟ್ಟ. ಎರಡು ಹಾರ್ನು, ಒಂದು ಆಂಪ್ಲಿಫೈಯರು, ಒಂದು ಲಾರಿ ಬ್ಯಾಟರಿ, ಇವನ್ನೆಲ್ಲ ಹೊತ್ತೊಯ್ಯಲು ನಾಲ್ಕು ಗಾಲಿಯ ಒಂದು ತಳ್ಳುಗಾಡಿ. ಭ್ರಮರಾಂಬಳೂ ನೋಡಿ ನೋಡಿ ಬೆಸುಗೆ ಕಲಿತಳು. ಅವನು ಮದುವೆ ಮನೆಗೆ ಹೋದಾಗ ಅಂಗಡಿಯಲ್ಲಿ ಕೂತು ಜನರ ಟ್ರಾನ್ಸಿಸ್ಟರು ಬಿಚ್ಚುವವಳು ಅವಳೇ.

ಉಜ್ಜಿನಪ್ಪನಿಗೆ ಒಂದು ಕಟ್ಟುಪಾಡಿತ್ತು. 1983ರಲ್ಲಿ ಮೇಷ್ಟ್ರುಗಳ ಮುಷ್ಕರಕ್ಕೆ ಹಿಂದುಮುಂದು ನೋಡದೆ ಮೈಕು ಕೊಟ್ಟಿದ್ದ. ಪೊಲೀಸರು ಬಂದಾಗ ಮೇಷ್ಟ್ರುಗಳು ಮನೆ ಸೇರಿಕೊಂಡರು, ಇವನು ಗಾಡಿ ತಳ್ಳಿಕೊಂಡು ಓಡಲಾಗದೆ ಸಿಕ್ಕಿಬಿದ್ದ. ಒಂದು ಹಗಲೆಲ್ಲ ಠಾಣೆಯ ಕಟ್ಟೆಯ ಮೇಲೆ ಕೂರಿಸಿದರು. ಅಂದಿನಿಂದ ಮೆರವಣಿಗೆಯೋ ಧರಣಿಯೋ ಯಾವುದೇ ಇರಲಿ, ಪೊಲೀಸರ ಪರ್ಮಿಷನ್ ಕಾಗದ ಕಣ್ಣಾರೆ ನೋಡದೆ ವೈರು ಮುಟ್ಟುತ್ತಿರಲಿಲ್ಲ. ಕಾಗದ ಇದ್ದರೆ ತನಗೇನೂ ಆಗದು ಎಂದು ನಂಬಿದ್ದ.

1992ರಲ್ಲಿ ಸಾರಾಯಿ ಅಂಗಡಿಗಳ ವಿರುದ್ಧ ರಾಜ್ಯದ ಹೆಂಗಸರೆಲ್ಲ ಎದ್ದಿದ್ದ ಕಾಲ. ಆ ನವೆಂಬರಿನಲ್ಲಿ ಪಾಪಕ್ಕ ಎಂಬ ಹೆಂಗಸು ಅವನ ಅಂಗಡಿಗೆ ಬಂದಳು. ಕುಂದುರ್ಪಿ ರಸ್ತೆಯ ಹಳ್ಳಿಯೊಂದರ ಒಕ್ಕಲಿನವಳು. ತನ್ನೂರಿನ ಸಾರಾಯಿ ಅಂಗಡಿಯ ಬಾಗಿಲಿಗೆ ಮುಳ್ಳು ಬಡಿದು, ಸುತ್ತಲಿನ ಹನ್ನೆರಡು ಹಳ್ಳಿಯ ಹೆಂಗಸರನ್ನು ಕೂಡಿಸಿಕೊಂಡಿದ್ದಳು.

"ಬೇಸ್ತವಾರ ಎಮ್ಮಾರ್ವೋ ಆಫೀಸ್ ಮುಂದೆ ಕುಂತ್ಕಂತೀವಿ ಅಣ್ಣಾ. ನನ್ ಗಂಟ್ಲು ಹಿಂದ್ಲೋರ್ಗೆ ಕೇಳಕಿಲ್ಲ, ಮೈಕು ಬೇಕು."

"ಕಾಗ್ದ ಐತಾ ಪಾಪಕ್ಕ?"

ಅವಳು ಸೆರಗಿನ ಗಂಟು ಬಿಚ್ಚಿ ಕಾಗದ ಕೊಟ್ಟಳು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ, ಶಾಂತಿಯುತ ಧರಣಿಗೆ, ಧ್ವನಿವರ್ಧಕದೊಂದಿಗೆ ಅನುಮತಿ. ಸಹಿ ಇತ್ತು, ಮೊಹರಿತ್ತು. ಉಜ್ಜಿನಪ್ಪ ಎರಡು ಸಲ ಓದಿ ಒಪ್ಪಿಕೊಂಡ.

ಆ ದಿನ ನಾನೂರು ಹೆಂಗಸರು ಬಂದಿದ್ದರು. ಜೊತೆಗೆ ಬಂದ ಗಂಡಸರು ಬೆರಳೆಣಿಕೆಯಷ್ಟು. ಎಮ್ಮಾರ್ವೋ, ಅಂದರೆ ಮಂಡಲದ ತಹಶೀಲ್ದಾರರ ಆಫೀಸಿನ ಗೇಟು ಹಾಕಿತ್ತು. ಹೆಂಗಸರು ಗೇಟಿನ ಮುಂದಿನ ರಸ್ತೆಯಲ್ಲಿ ಕೂತರು. ಆಫೀಸಿನ ಕಾಂಪೌಂಡಿಗೆ ಒತ್ತಿಕೊಂಡು ಒಂದು ಇಕ್ಕಟ್ಟು ಸಂದಿ; ಅದರ ಬಾಯಲ್ಲಿ ಒಂದು ಬೇವಿನ ಮರ. ಬಿಸಿಲಿಗೆ ಆಂಪ್ಲಿಫೈಯರು ಕಾಯುತ್ತದೆಂದು ಉಜ್ಜಿನಪ್ಪ ಗಾಡಿಯನ್ನು ಆ ಮರದ ನೆರಳಿಗೆ ನಿಲ್ಲಿಸಿದ. ಗಾಡಿ ಸಂದಿಯ ಬಾಯಿಗೆ ಅಡ್ಡವಾಗಿ ನಿಂತಿತು. ಒಬ್ಬರು ಮೈ ಓರೆ ಮಾಡಿ ದಾಟುವಷ್ಟು ಜಾಗ ಮಾತ್ರ ಉಳಿದಿತ್ತು. ಅದು ಆಗ ಯಾರ ಕಣ್ಣಿಗೂ ಬೀಳಲಿಲ್ಲ, ಅವನ ಕಣ್ಣಿಗೂ ಬೀಳಲಿಲ್ಲ.

ಹನ್ನೆರಡೂವರೆಯ ಹೊತ್ತಿಗೆ ಹೊರಗಿನಿಂದ ಒಂದು ತುಕಡಿ ಪೊಲೀಸರು ವ್ಯಾನಿನಲ್ಲಿ ಬಂದಿಳಿದರು. ಜೊತೆಗೆ ಒಂದು ಜೀಪು, ಅದರಲ್ಲಿ ಒಬ್ಬ ಇನ್ಸ್‌ಪೆಕ್ಟರು. ಪಾಪಕ್ಕ ಒಂದು ಮಾತು ತೆಲುಗಿನಲ್ಲಿ, ಒಂದು ಮಾತು ಕನ್ನಡದಲ್ಲಿ ಮಾತಾಡುತ್ತಿದ್ದಳು. "ನಮ್ ಮನೆ ಗಂಡುಸ್ರು ಕುಡ್ದು ಸತ್ರೆ ಈ ಆಫೀಸ್ನೋರು ಬಂದು..." ಎನ್ನುವಷ್ಟರಲ್ಲಿ ಹಾರ್ನು ಕುಯ್ ಎಂದು ಸುಮ್ಮನಾಯಿತು. ಕಾನ್‌ಸ್ಟೇಬಲ್ ಒಬ್ಬ ಬಂದು ಬ್ಯಾಟರಿಯ ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದ.

"ಸಾರ್, ಪರ್ಮಿಷನ್ ಉಂದಿ ಸಾರ್. ಒಂಟಿ ಗಂಟ ವರಕು ಉಂದಿ," ಒಂದು ಗಂಟೆಯವರೆಗೂ ಪರ್ಮಿಷನ್ ಇದೆ ಎಂದು ಉಜ್ಜಿನಪ್ಪ ತೆಲುಗಿನಲ್ಲಿ ಹೇಳಿದ.

"ನೋರು ಮುಯ್ಯಿ," ಎಂದು ಗದರಿದ ಕಾನ್‌ಸ್ಟೇಬಲ್. ಬಾಯಿ ಮುಚ್ಚು.

ಇನ್ಸ್‌ಪೆಕ್ಟರು ಜೀಪಿನ ಪಕ್ಕ ನಿಂತು ಏನೋ ಕೂಗಿದರು. ಹತ್ತು ಮಾರು ದೂರದ ಉಜ್ಜಿನಪ್ಪನಿಗೇ ಅದು ಕೇಳಿಸಲಿಲ್ಲ. ಹೆಂಗಸರು ಏನಾಯಿತೆಂದು ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ಸೀಟಿ ಕೇಳಿಸಿತು. ಲಾಠಿಗಳು ಮೇಲೆದ್ದವು.

ಮುಂದೆ ಗೇಟು ಮುಚ್ಚಿತ್ತು, ಹಿಂದೆ ಪೊಲೀಸರಿದ್ದರು. ಉಳಿದದ್ದು ಆ ಸಂದಿಯೊಂದೇ. ಹೆಂಗಸರು ಅತ್ತ ನುಗ್ಗಿದರು. ಗಾಡಿ ಸರಿಸಬೇಕಿತ್ತು. ಒಂದೇ ಉಸಿರಿನಲ್ಲಿ ನೂಕಿದ್ದರೆ ಅದು ಮರದಾಚೆಗೆ ಹೋಗುತ್ತಿತ್ತು. ಆದರೆ ಮೇಲಿದ್ದ ಆಂಪ್ಲಿಫೈಯರು ಕಟ್ಟು ಸಡಿಲಾಗಿ ಕೆಳಗೆ ಬೀಳುತ್ತಿತ್ತು. ಉಜ್ಜಿನಪ್ಪ ಗಾಡಿ ನೂಕಲಿಲ್ಲ. ಎರಡು ಕೈಯಲ್ಲಿ ಆಂಪ್ಲಿಫೈಯರನ್ನು ಅಪ್ಪಿಕೊಂಡು ನಿಂತ. ಜನರ ಒತ್ತಡಕ್ಕೆ ಗಾಡಿ ಓರೆಯಾಗಿ ಕಾಂಪೌಂಡಿಗೂ ಮರಕ್ಕೂ ನಡುವೆ ಸಿಕ್ಕಿಕೊಂಡಿತು. ನರಸಕ್ಕ ಎಂಬ ಐವತ್ತರ ಹೆಂಗಸಿನ ಸೀರೆ ಗಾಲಿಗೆ ಸುತ್ತಿತು. ಅವಳು ಬಿದ್ದಳು. ಅವಳ ಮೇಲೆ ಇನ್ನೊಬ್ಬಳು, ಅವಳ ಮೇಲೆ ಮತ್ತೊಬ್ಬಳು. ಅಪ್ಪಿಹಿಡಿದ ಪೆಟ್ಟಿಗೆಯ ಮೇಲಿಂದ ಉಜ್ಜಿನಪ್ಪ ಅದನ್ನೆಲ್ಲ ನೋಡಿದ. ನರಸಕ್ಕನ ಕೈಯೊಂದು ಆ ರಾಶಿಯ ಅಡಿಯಿಂದ ಹೊರಚಾಚಿ ಗಾಲಿಯ ಕಡ್ಡಿ ಹಿಡಿದಿತ್ತು.

ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅವಳು ತೀರಿಕೊಂಡಳು.

ಹನ್ನೊಂದು ಜನರನ್ನು ಹಿಡಿದರು. ಪಾಪಕ್ಕ ಮೊದಲನೇ ಆರೋಪಿ, ಉಜ್ಜಿನಪ್ಪ ಒಂಬತ್ತನೆಯವನು. ಮರುದಿನ ಸಂಜೆ ಅವನೊಬ್ಬನನ್ನೇ ಒಳಗಿನ ಕೋಣೆಗೆ ಕರೆದರು. ಇನ್ಸ್‌ಪೆಕ್ಟರ ಎದುರಿಗೆ ತೆಲುಗಿನಲ್ಲಿ ಟೈಪು ಮಾಡಿದ ಒಂದು ಹಾಳೆ ಇತ್ತು. ಉಜ್ಜಿನಪ್ಪನ ಮೈಕಿನ ಮೂಲಕ ಮೂರು ಸಲ ಎಚ್ಚರಿಕೆ ಕೊಟ್ಟೆವು, ಐದು ನಿಮಿಷ ಕಾದೆವು, ಗುಂಪು ಚದುರದೆ ಕಲ್ಲು ತೂರಿತು, ಆಮೇಲಷ್ಟೇ ಲಾಠಿ ಬೀಸಿದೆವು ಎಂದು ಅದರಲ್ಲಿತ್ತು. ಅದಕ್ಕೆ ಉಜ್ಜಿನಪ್ಪ ಸಾಕ್ಷಿ.

"ಸಾರ್, ವೈರು ಕಿತ್ತಿದ್ರು ಸಾರ್. ಮೈಕಲ್ಲಿ ಯಾರೂ..."

ಇನ್ಸ್‌ಪೆಕ್ಟರು ಸಿಟ್ಟಾಗಲಿಲ್ಲ. ಪೋಸ್ಟ್‌ಮಾರ್ಟಂ ಕಾಗದ ಮುಂದಿಟ್ಟರು. ನರಸಕ್ಕನ ಮೈಮೇಲೆ ಲಾಠಿಯ ಗುರುತಿರಲಿಲ್ಲ, ಎದೆಗೂಡು ನಜ್ಜಾಗಿತ್ತು. ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಆದಿನಾರಾಯಣ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ. ಅವನು ಉಜ್ಜಿನಪ್ಪನ ಪರಿಚಯದವನೇ. ತಂಗಿಯ ಮದುವೆಗೆ ಮೈಕು ಹಾಕಿಸಿದ್ದವನು.

"ನೋಡು ಉಜ್ಜಿನಪ್ಪ, ಆಯಮ್ಮ ಸತ್ತಿದ್ದು ಪೊಲೀಸ್ ಏಟಿಗಲ್ಲ ಕಣಪ್ಪ. ನಿನ್ ಗಾಡಿಗೆ ಸಿಕ್ಕಾಕ್ಕಂಡು. ದಾರಿಗಡ್ಡ ಗಾಡಿ ನಿಲ್ಸಿ ಜೀವ ತೆಗ್ದ ಅಂತ ಸಾರ್ ಬರುದ್ರೆ ನೀನು ಒಳಗೋಯ್ತೀಯ. ಸೈನ್ ಹಾಕು, ಕೇಸಿಂದ ನಿನ್ ಹೆಸ್ರು ತೆಗೀತಾರೆ. ನಿನ್ ಸೆಟ್ಟೂ ಬತ್ತದೆ."

ಉಜ್ಜಿನಪ್ಪನಿಗೆ ಗಾಲಿಯ ಕಡ್ಡಿ ಹಿಡಿದ ಕೈ ಕಂಡಿತು. ತಾನು ನಿಜ ಹೇಳಿದರೆ ಎರಡು ನಿಜ ಹೇಳಬೇಕು. ಮೈಕು ಸತ್ತಿತ್ತು ಎನ್ನುವುದು ಒಂದು, ಗಾಡಿ ನೂಕಲಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದನ್ನು ಬಾಯಿಗೆ ತಂದ ಕೂಡಲೇ ಎರಡನೆಯದು ಕುತ್ತಿಗೆಗೆ ಬರುತ್ತಿತ್ತು. ಸಹಿ ಹಾಕಿದ.

ಮನೆಗೆ ಬಂದವನು ಭ್ರಮರಾಂಬಳಿಗೆ ಸಹಿಯ ವಿಷಯ ಹೇಳಿದ, ಗಾಡಿಯ ವಿಷಯ ಹೇಳಲಿಲ್ಲ. ಅವಳು ತಟ್ಟೆಗೆ ಮುದ್ದೆ ಇಟ್ಟವಳು ಹಾಗೇ ಕೂತಳು. "ಹೆದ್ರಿಸಿದ್ರು, ಹಾಕಿದ್ರಿ. ಏನ್ ಮಾಡಕಾಯ್ತದೆ," ಎಂದಳು. ಆ ಸಮಾಧಾನವೂ ಅವನಿಗೆ ಮುಳ್ಳಿನಂತಾಯಿತು. ಅವಳು ಕ್ಷಮಿಸಿದ್ದು ಅವನ ಅರ್ಧ ತಪ್ಪನ್ನು ಮಾತ್ರ.

ಮೂರನೇ ವಾರದಿಂದ ನರಸಕ್ಕನ ಗಂಡ ಓಬಳೇಶಪ್ಪ ಅಂಗಡಿಗೆ ಬರತೊಡಗಿದ. ಅರವತ್ತರ ಹತ್ತಿರದ ಮನುಷ್ಯ. ಸಂತೆಯ ದಿನ ಹಳ್ಳಿಯಿಂದ ಬಸ್ಸಿಗೆ ಬಂದು, ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂರುವನು. ಭ್ರಮರಾಂಬ ಟೀ ಕೊಟ್ಟರೆ ಕುಡಿಯುವನು. ಉಜ್ಜಿನಪ್ಪ ಬೆಸುಗೆ ಕಡ್ಡಿ ಹಿಡಿದು ತಲೆ ತಗ್ಗಿಸಿರುವನು. ಒಂದು ಗಂಟೆ ಕೂತು, "ಬತ್ತೀನಿ ಕಣಪ್ಪ," ಎಂದು ಎದ್ದು ಹೋಗುವನು. ಏನನ್ನೂ ಕೇಳಲಿಲ್ಲ. ಬೈದಿದ್ದರೆ ಉಜ್ಜಿನಪ್ಪನಿಗೆ ಹಗುರಾಗುತ್ತಿತ್ತು. ಸಂತೆಯ ದಿನ ಬರುತ್ತದೆಂದರೆ ಹಿಂದಿನ ದಿನದಿಂದಲೇ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಒಂದು ಸಂತೆ ದಿನ ಬೇಕೆಂದೇ ಅಂಗಡಿ ಮುಚ್ಚಿ ಮನೆಯಲ್ಲಿ ಕೂತ. ಸಾಯಂಕಾಲ ಹೋಗಿ ನೋಡಿದರೆ ಮುಚ್ಚಿದ ಬಾಗಿಲ ಮುಂದೆ, ಅದೇ ಬೆಂಚಿನ ಮೇಲೆ, ಓಬಳೇಶಪ್ಪ ಕೂತಿದ್ದ.

ಜಾಮೀನಿನ ಮೇಲೆ ಬಂದ ಪಾಪಕ್ಕ ಮಾತ್ರ ನೇರವಾಗಿ ಕೇಳಿದಳು. ಸಾವಿನ ಬಗ್ಗೆ ವಿಚಾರಣೆ ನಡೆಸಲು ಜಿಲ್ಲಾ ಕೇಂದ್ರದಿಂದ ಅಧಿಕಾರಿಯೊಬ್ಬರು ಬರುವವರಿದ್ದರು.

"ಅಣ್ಣಾ, ನಮ್ ಮಾತು ಯಾರೂ ನಂಬಕಿಲ್ಲ. ನಾವು ಹೆಂಗಸ್ರು, ಕೇಸ್ ಹಾಕುಸ್ಕಂಡೋರು. ವೈರು ಕಿತ್ತಿದ್ದು ನಿನ್ ಕಣ್ ಮುಂದೆ. ನೀನೊಂದು ಮಾತು ಹೇಳುದ್ರೆ ಸಾಕು."

"ನೋಡಾಣ ಪಾಪಕ್ಕ," ಎಂದ ಉಜ್ಜಿನಪ್ಪ.

"ನೋಡಾದೇನೈತೆ? ನೋಡಿದ್ದೀಯಲ್ಲ."

ಜನವರಿಯಲ್ಲಿ ಪ್ರವಾಸಿ ಬಂಗಲೆಯ ಹಜಾರದಲ್ಲಿ ವಿಚಾರಣೆ ನಡೆಯಿತು. ಅಧಿಕಾರಿ ಸೌಮ್ಯವಾದ ಮನುಷ್ಯ. ಪ್ರಮಾಣ ಮಾಡಿಸಿದ ಮೇಲೆ, "ಹೆದರಬೇಡ, ಇದ್ದದ್ದು ಹೇಳು," ಎಂದು ತೆಲುಗಿನಲ್ಲಿ ಎರಡು ಸಲ ಹೇಳಿದರು. ಕಿಟಕಿಯಾಚೆ ವರಾಂಡದಲ್ಲಿ ಇನ್ಸ್‌ಪೆಕ್ಟರು ಸಿಗರೇಟು ಸೇದುತ್ತಿದ್ದರು. ಬಾಗಿಲ ಬಳಿ ಓಬಳೇಶಪ್ಪ ಟವಲು ಮಡಿಚಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ.

"ನಿನ್ನ ಮೈಕಿನಲ್ಲಿ ಎಚ್ಚರಿಕೆ ಕೊಟ್ಟರಾ?"

"ಕೊಟ್ರು ಸಾರ್."

"ಎಷ್ಟು ಸಲ?"

"ಮೂರು ಸಲ ಸಾರ್."

ಅಷ್ಟೇ. ಐದು ನಿಮಿಷವೂ ಹಿಡಿಯಲಿಲ್ಲ. ಹೊರಗೆ ಬರುವಾಗ ಬಾಗಿಲಲ್ಲಿ ಓಬಳೇಶಪ್ಪ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಮಾರ್ಚಿನಲ್ಲಿ ವರದಿ ಬಂತು. ಸಾಕಷ್ಟು ಎಚ್ಚರಿಕೆ ನೀಡಿದ ಮೇಲೆ ಕನಿಷ್ಠ ಬಲವನ್ನಷ್ಟೇ ಬಳಸಲಾಗಿದೆ, ಸಾವು ನೂಕುನುಗ್ಗಲಿನಿಂದ ಆದ ಆಕಸ್ಮಿಕ. ನರಸಕ್ಕನ ಕಡತ ಅಲ್ಲಿಗೆ ಮುಚ್ಚಿತು. ಓಬಳೇಶಪ್ಪ ಆಮೇಲೆ ಬೆಂಚಿಗೆ ಬರಲಿಲ್ಲ.

ಸೆಟ್ಟು ವಾಪಸು ಬಂತು, ಬಾಡಿಗೆಗೆ ಕರೆಯುವವರು ಬರಲಿಲ್ಲ. ಯಾರೂ ಬಹಿಷ್ಕಾರ ಹಾಕಲಿಲ್ಲ, ಜಗಳವಾಡಲಿಲ್ಲ. ಮದುವೆಯವರು ಬೇರೆ ಊರಿನಿಂದ ಮೈಕು ತರಿಸಿಕೊಂಡರು, ಅಷ್ಟೇ. ಕರೆದದ್ದು ಪೊಲೀಸರು ಮಾತ್ರ. ನಿಷೇಧಾಜ್ಞೆ ಸಾರಬೇಕಾದಾಗಲೆಲ್ಲ ಆದಿನಾರಾಯಣ ಬಂದು, "ಗಾಡಿ ತಗಂಡು ಬಾರಪ್ಪ, ನೀನು ನಮ್ಮೋನು," ಎನ್ನುತ್ತಿದ್ದ. ನಾಲ್ಕು ಜನಕ್ಕಿಂತ ಹೆಚ್ಚು ಕೂಡಬಾರದು ಎಂದು ತನ್ನದೇ ಹಾರ್ನು ಊರಿಗೆ ಸಾರುತ್ತಿದ್ದರೆ, ಉಜ್ಜಿನಪ್ಪ ತಲೆ ಎತ್ತದೆ ಗಾಡಿ ತಳ್ಳುತ್ತಿದ್ದ. ಒಲ್ಲೆ ಎನ್ನುವ ಧೈರ್ಯ ಅವನಿಗೆ ಬರಲಿಲ್ಲ. ಕೊನೆಗೆ ಆ ವರ್ಷವೇ ಸೆಟ್ಟನ್ನು ಮಾರಿ, ಹೆಂಡತಿಯ ತೌರಾದ ಹಿಂದೂಪುರಕ್ಕೆ ಹೋಗಿ, ಒಂದು ಟೇಪ್ ರೆಕಾರ್ಡರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಹೊರಗೆ ರಸ್ತೆಯಲ್ಲಿ ಮೆರವಣಿಗೆಯ ಘೋಷಣೆ ಕೇಳಿದರೆ ಎದ್ದು ಅಂಗಡಿಯ ಹಿಂದಿನ ಕೋಣೆಗೆ ಹೋಗುವನು.

ಆ ಅಕ್ಟೋಬರಿನಲ್ಲಿ ಸರ್ಕಾರವೇ ರಾಜ್ಯದಲ್ಲೆಲ್ಲ ಸಾರಾಯಿ ನಿಲ್ಲಿಸಿತು. ಸಾರಾಯಿ ನಿಂತರೂ ಪಾಪಕ್ಕನ ಮೇಲಿನ ಕೇಸು ನಿಲ್ಲಲಿಲ್ಲ. ಹತ್ತು ಜನರೂ ವಾಯಿದೆ ವಾಯಿದೆಗೆ ಕೂಲಿ ಬಿಟ್ಟು ಕೋರ್ಟಿಗೆ ಅಲೆದರು. 1996ರ ಬೇಸಿಗೆಯಲ್ಲಿ ಉಜ್ಜಿನಪ್ಪನಿಗೆ ಸಮನ್ಸು ಬಂತು. ಸರ್ಕಾರದ ಕಡೆಯ ನಾಲ್ಕನೇ ಸಾಕ್ಷಿ.

ಆ ದಿನ ಅವನು ಭ್ರಮರಾಂಬಳಿಗೆ ಗಾಡಿಯ ಕಥೆ ಹೇಳಿದ. ಮೂರೂವರೆ ವರ್ಷದ ಮೇಲೆ. ಅವಳು ಅಕ್ಕಿ ಆರಿಸುತ್ತಿದ್ದಳು, ಮೊರ ಕೆಳಗಿಟ್ಟಳು.

"ಆ ಪೆಟ್ಟಿಗೇನ ಹಿಡ್ಕಂಡು ನಿಂತಿದ್ರಾ?"

"ಹೂಂ."

ಅವಳು ಅಂಗೈಯಲ್ಲಿದ್ದ ಕಲ್ಲುಗಳನ್ನು ಬಾಗಿಲಾಚೆ ಎಸೆದು ಬಂದಳು. ಆಮೇಲೆ, "ಈ ಸಲಿ ಎರಡೂ ಹೇಳ್ಬುಡಿ. ಮೈಕಿಂದು ಹೇಳಿ ಗಾಡೀದು ಬಿಟ್ರೆ ಅದ್ನೇ ಇಟ್ಕಂಡು ಮತ್ತೆ ನಿಮ್ಮನ್ನ ಹಿಡೀತಾರೆ," ಎಂದಳು.

"ಒಳಗಾಕಿದ್ರೆ?"

"ಈಗೇನ್ ಹೊರ್ಗಿದೀರಾ?"

ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದ. ಭ್ರಮರಾಂಬಳೂ ಜೊತೆಗಿದ್ದಳು. ಕೋರ್ಟಿನ ಜಗುಲಿಯಲ್ಲಿ ಆದಿನಾರಾಯಣ ಕಾದಿದ್ದ. ಹಳೆಯ ಹಾಳೆಯ ನಕಲು ಕೈಗಿಟ್ಟು, "ಒಂದ್ಸಲಿ ಓದ್ಕ. ಮೂರು ಸಲಿ, ಐದು ನಿಮಿಷ, ಅಷ್ಟೇ," ಎಂದ. ಆಚೆ ಮರದ ಕೆಳಗೆ ಹೆಂಗಸರು ಕೂತಿದ್ದರು. ಪಾಪಕ್ಕನ ಕೂದಲು ನೆರೆತಿತ್ತು. ಅವಳು ಉಜ್ಜಿನಪ್ಪನನ್ನು ನೋಡಿ ಮುಖ ತಿರುಗಿಸಿದಳು.

ಉಜ್ಜಿನಪ್ಪ ಬೋನಿಗೆ ಹತ್ತಿ ನಿಂತ. ಸರ್ಕಾರಿ ವಕೀಲರು ಮಾಮೂಲಿನಂತೆ ಕೇಳಿದರು. "ಪೊಲೀಸರು ನಿನ್ನ ಮೈಕಿನಲ್ಲಿ ಎಚ್ಚರಿಕೆ ಕೊಟ್ಟರಲ್ಲವೆ?"

"ಇಲ್ಲ ಸ್ವಾಮಿ."

ವಕೀಲರು ಕಾಗದದಿಂದ ತಲೆ ಎತ್ತಿದರು.

"ವೈರು ಕಿತ್ತಿದ್ರು ಸ್ವಾಮಿ. ಮೈಕು ಸತ್ತೋಗಿತ್ತು. ಸತ್ತ ಮೈಕಲ್ಲಿ ಯಾರ್ ಮಾತಾಡಕಾಯ್ತದೆ? ಒಂದು ಗಂಟೆವರ್ಗೂ ಪರ್ಮಿಷನ್ ಇತ್ತು. ಯಾರೂ ಕಲ್ ಹೊಡೀಲಿಲ್ಲ." ಅವನು ತೆಲುಗು, ಕನ್ನಡ ಬೆರೆಸಿ ಒಂದೇ ಸಮನೆ ಹೇಳುತ್ತ ಹೋದ. "ಇನ್ನೊಂದೈತೆ ಸ್ವಾಮಿ. ಸಂದಿಗೆ ಅಡ್ಡ ಇದ್ದ ಗಾಡಿ ನಂದೇ. ನೂಕ್ಬೌದಿತ್ತು. ಆಂಪ್ಲಿಫೈರ್ ಒಡೆದೋಯ್ತದೆ ಅಂತ ನೂಕ್ಲಿಲ್ಲ. ನರಸಕ್ಕ ಅಲ್ಲೇ ಬಿದ್ಲು. ಅದ್ನ ಹೇಳ್ತೀವಿ ಅಂತ ಹೆದ್ರಿಸಿ ನನ್ ಕೈಲಿ ಸೈನ್ ಹಾಕುಸ್ಕಂಡ್ರು."

ಸರ್ಕಾರಿ ವಕೀಲರು ಸಾಕ್ಷಿ ತಿರುಗಿಬಿದ್ದಿದ್ದಾನೆಂದು ಬರೆಸಿಕೊಳ್ಳಲು ಕೇಳಿದರು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು, "ಹಿಂದೆ ವಿಚಾರಣೆಯಲ್ಲಿ ಪ್ರಮಾಣ ಮಾಡಿ ಬೇರೆ ಹೇಳಿದ್ದೀಯ. ಎರಡರಲ್ಲೊಂದು ಸುಳ್ಳು. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನಿನ್ನ ಮೇಲೆ ಕ್ರಮ ಆಗಬಹುದು, ಗೊತ್ತಿದೆಯಾ?" ಎಂದು ಕೇಳಿದರು.

"ಗೊತ್ತು ಸ್ವಾಮಿ. ಅವತ್ತಿಂದು ಸುಳ್ಳು."

ಹೊರಗೆ ಬಂದಾಗ ಪಾಪಕ್ಕ ಎದ್ದು ಬಂದಳು. ಹೊಗಳಲೂ ಇಲ್ಲ, ತೆಗಳಲೂ ಇಲ್ಲ. "ನೀರು ಕುಡೀತೀಯೇನಣ್ಣ?" ಎಂದು ಚೊಂಬು ಕೊಟ್ಟಳು. ಅವನು ನಿಂತಲ್ಲೇ ಅಷ್ಟೂ ಕುಡಿದು ಖಾಲಿ ಚೊಂಬು ವಾಪಸು ಕೊಟ್ಟ.

ಅಲ್ಲಿಂದ ಗಂಡಹೆಂಡಿರಿಬ್ಬರೂ ಓಬಳೇಶಪ್ಪನ ಹಳ್ಳಿಗೆ ಹೋದರು. ಅವನು ಹಟ್ಟಿಯ ಮುಂದೆ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ಉಜ್ಜಿನಪ್ಪ ನಿಂತೇ ಎಲ್ಲವನ್ನೂ ಹೇಳಿದ.

"ಗಾಡೀದು ಗೊತ್ತಿತ್ತು ಕಣಪ್ಪ," ಎಂದ ಓಬಳೇಶಪ್ಪ, ಕೈಕೆಲಸ ನಿಲ್ಲಿಸದೆ. "ಅವಳ ಮೇಲೆ ಬಿದ್ದಿದ್ದ ಮುನಿಯಕ್ಕ ಅವತ್ತೇ ಹೇಳಿದ್ಲು. ಹೆದರ್ಕಂಡು ಪೆಟ್ಟಿಗೆ ತಬ್ಕಂಡೋನ ಮೇಲೆ ನಂಗೇನು ಸಿಟ್ಟು? ದನ ಅಟ್ದಂಗೆ ಅಟ್ಟಿದ್ದು ನೀನಲ್ವಲ್ಲ. ನಿನ್ ಬೆಂಚ್ ಮೇಲೆ ಅಷ್ಟು ದಿನ ಕುಂತಿದ್ನಲ್ಲ, ನೀನೇ ಬಾಯ್ ಬಿಡ್ತೀಯ ಅಂತ ಕಾದಿದ್ದೆ. ಬಂಗ್ಲೇಲಿ ಮೂರು ಸಲಿ ಅಂದ್ಯಲ್ಲ, ಆವಾಗ್ಲೇ ಅವಳು ಎರಡ್ನೇ ಸಲಿ ಸತ್ಲು ಅನ್ನಿಸ್ಬುಡ್ತು."

ಓಬಳೇಶಪ್ಪ ಇನ್ನೊಂದು ಹಿಡಿ ಸೊಪ್ಪು ಎತ್ತಿಕೊಂಡ.

"ಆ ಫೈಲು ತಿರ್ಗಾ ತೆಗೀತಾರಾ?"

"ಇಲ್ಲವಂತೆ ಓಬಳೇಶಣ್ಣ. ಪಾಪಕ್ಕನ ಕಡೆ ವಕೀಲ್ರು ಹೇಳುದ್ರು."

"ಸರಿ ಬುಡು. ಐದು ಗಂಟೆ ಬಸ್ಸು ತಪ್ಪೋಯ್ತದೆ, ಹೊರಡ್ರಿ."

ಆ ವರ್ಷ ಆಗಸ್ಟಿನಲ್ಲಿ ತೀರ್ಪು ಬಂತು. ಎಚ್ಚರಿಕೆ ಕೊಟ್ಟದ್ದು ಸಾಬೀತಾಗಿಲ್ಲ, ಅನುಮತಿಯ ಅವಧಿ ಇನ್ನೂ ಮುಗಿದಿರಲಿಲ್ಲ ಎಂದು ಪಾಪಕ್ಕ ಮತ್ತು ಉಳಿದ ಒಂಬತ್ತು ಮಂದಿ ಖುಲಾಸೆಯಾದರು. ಇನ್ಸ್‌ಪೆಕ್ಟರಿಗೆ ಏನೂ ಆಗಲಿಲ್ಲ. ಬಡ್ತಿಯಾಗಿ ಬೇರೆ ಜಿಲ್ಲೆಗೆ ಹೋಗಿದ್ದರು.

ಸುಳ್ಳು ಸಾಕ್ಷಿಯ ನೋಟೀಸು ಬಂದೇ ಬರುತ್ತದೆಂದು ಉಜ್ಜಿನಪ್ಪ ಕಾದ. ವಕೀಲರನ್ನು ಕೇಳಿದರೆ, "ಬರಬಹುದು, ಬರದೆಯೂ ಇರಬಹುದು," ಎಂದರು. ಹಿಂದೂಪುರದ ಅಂಗಡಿಯ ಮುಂದೆ ಪೋಸ್ಟ್‌ಮ್ಯಾನ್ ಸೈಕಲ್ಲು ನಿಲ್ಲಿಸಿದಾಗಲೆಲ್ಲ ಅವನ ಬೆಸುಗೆ ಕಡ್ಡಿ ಅಲ್ಲೇ ನಿಲ್ಲುತ್ತಿತ್ತು. ಒಂದು ವರ್ಷ ಕಳೆಯಿತು, ಮೂರು ವರ್ಷ ಕಳೆಯಿತು. ಬಟ್ಟೆಯ ಚೀಲವೊಂದರಲ್ಲಿ ಒಂದು ಜೊತೆ ಪಂಚೆ, ಟವಲು, ಬಿ.ಪಿ. ಮಾತ್ರೆ ತುಂಬಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ. ಕರೆಯಲು ಬಂದರೆ ಹುಡುಕಾಡಬಾರದೆಂದು. ಭ್ರಮರಾಂಬ ತಿಂಗಳಿಗೊಮ್ಮೆ ಪಂಚೆಯನ್ನು ತೆಗೆದು ಒಗೆದು, ಒಣಗಿಸಿ, ಮಡಿಚಿ ಮತ್ತೆ ಅದೇ ಚೀಲಕ್ಕೆ ಹಾಕುತ್ತಿದ್ದಳು.